ಬಾವಿ ನೀರಿನ ಈಜುಕೊಳ ತಿಳಿಯಾದದ್ದು ಹೀಗೆ

ಬಾವಿಯಿಂದ ಎತ್ತಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದ್ದೆ. ಕಸವಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಆ ಧೈರ್ಯದ ಮೇಲೆ ಮನೆಯ ಹಿಂದಿನ ಈಜುಕೊಳಕ್ಕೆ ಎರಡು ದಿನ ಪಂಪ್ ಹಾಕಿ ನೀರು ತುಂಬಿಸಿದೆ. ತುಂಬಿದ ಸಂಜೆಯೇ ಬ್ಲೀಚಿಂಗ್ ಪೌಡರ್ ಕದಡಿ ಸುರಿದೆ. ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಕೊಳ ತುಕ್ಕು ತೊಳೆದ ನೀರಿನ ಹಾಗೆ ಕಂದಾಗಿತ್ತು. ಇನ್ನೆರಡು ದಿನದಲ್ಲಿ ಆ ಕಂದುಬಣ್ಣದ ಮೇಲೆ ಸುಣ್ಣ ಕದಡಿದಂಥ ಬಿಳಿ ಮಂಕೂ ಸೇರಿಕೊಂಡಿತು. ಒಂದೇ ಮೀಟರ್ ಆಳವಿರುವ ಕಡೆಯಲ್ಲೂ ತಳದ ಟೈಲ್ಸ್ ಕಾಣುತ್ತಿರಲಿಲ್ಲ.

"ಅಪ್ಪಾ, ನೀರು ತುಂಬಿದೆಯಲ್ಲ, ಇಳಿದರೇನು?" ಎಂದು ಮಗಳು ಕೇಳಿದಳು. ಬೇಡವೆಂದೆ. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಆಳದ ಕಡೆಯ ತಳದಲ್ಲಿರುವ ಜಾಲರಿ ದಡದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣದಿದ್ದರೆ ಆ ಕೊಳಕ್ಕೆ ಯಾರೂ ಇಳಿಯಬಾರದು. ಬಗ್ಗಡ ನೀರಿನಲ್ಲಿ ಮುಳುಗಿದವರು ದಡದಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ನೀರಿನಲ್ಲಿ ತೇಲುವ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ಗೆ ಸಿಕ್ಕದೆ ಉಳಿಯುತ್ತವೆ ಎಂಬುದು ಇನ್ನೊಂದು ಕಾರಣ.

ಮೊದಲ ನಾಲ್ಕು ದಿನ ನಾನು ಮಾಡಿದ್ದೆಲ್ಲ ತಪ್ಪೇ. ಬಣ್ಣ ಹೋಗಲೆಂದು ಇನ್ನಷ್ಟು ಬ್ಲೀಚಿಂಗ್ ಪೌಡರ್ ಹಾಕಿದೆ, ಬಿಳುಪು ಹೆಚ್ಚಿತು. ನೀರನ್ನು ತಿಳಿಯಾಗಿಸುವ ದ್ರಾವಣವೊಂದನ್ನು ತಂದು ಸುರಿದೆ, ಏನೂ ಆಗಲಿಲ್ಲ. ಮರಳಿನ ಫಿಲ್ಟರ್ ಕಟ್ಟಿಕೊಂಡಿರಬಹುದೆಂದು ದಿನಕ್ಕೊಮ್ಮೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯುವ ಬ್ಯಾಕ್‌ವಾಶ್ ಮಾಡಿದೆ, ಅದರಿಂದ ಇದ್ದದ್ದೂ ಕೆಟ್ಟಿತು. ನೀರಿನಲ್ಲಿ ಏನಿದೆ ಎಂದು ನೋಡದೆಯೇ ಔಷಧ ಹಾಕುತ್ತಿದ್ದೇನೆ ಎಂಬುದು ಐದನೆಯ ದಿನ ಹೊಳೆಯಿತು.

ಅವತ್ತು ಕೊಳದ ನೀರನ್ನು ಮೂರು ಗಾಜಿನ ಲೋಟಗಳಲ್ಲಿ ತುಂಬಿ ಕಿಟಕಿಯ ಬಳಿ ಸಾಲಾಗಿ ಇಟ್ಟೆ. ಹಿಂದೆ ಒಂದು ಬಿಳಿ ಕಾಗದ. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಒಂದು ಚಮಚ ವಿನೆಗರ್ ಹಾಕಿದೆ. ಮೂರನೆಯದಕ್ಕೆ ವಿಟಮಿನ್ ಸಿ ಮಾತ್ರೆಯೊಂದನ್ನು ಪುಡಿ ಮಾಡಿ ಬೆರೆಸಿದೆ. ವಿನೆಗರ್ ಬಿದ್ದ ಲೋಟದಲ್ಲಿ ಸ್ವಲ್ಪ ಹೊತ್ತಿಗೇ ಬಿಳಿ ಮಂಕು ತೆಳುವಾಯಿತು, ಕಂದುಬಣ್ಣ ಮಾತ್ರ ಹಾಗೆಯೇ ಉಳಿಯಿತು. ವಿಟಮಿನ್ ಸಿ ಇದ್ದ ಲೋಟದಲ್ಲಿ ಕಂದೂ ಹೋಯಿತು. ಆದರೆ ಮರುದಿನ ಬೆಳಿಗ್ಗೆ ನೋಡಿದಾಗಲೂ ಅದರಲ್ಲಿ ಧೂಳಿನಂಥ ತೆಳುವಾದ ಮಬ್ಬು ನಿಂತೇ ಇತ್ತು. ಏನೂ ಹಾಕದ ಲೋಟದ ತಳದಲ್ಲಿ ನೂಲಿನ ದಪ್ಪದ ಕಂದು ಗಸಿ ಕೂತಿತ್ತು, ಮೇಲಿನ ನೀರು ಮಾತ್ರ ತಿಳಿಯಾಗಿರಲಿಲ್ಲ.

ನನಗೆ ಬೇಕಿದ್ದ ಉತ್ತರವೆಲ್ಲ ಆ ಮೂರು ಲೋಟಗಳಲ್ಲಿತ್ತು. ನನ್ನ ಕೊಳದಲ್ಲಿದ್ದದ್ದು ಒಂದು ಬಗ್ಗಡವಲ್ಲ, ಮೂರು.

ಮೊದಲನೆಯದು ಕಬ್ಬಿಣ, ವಿಟಮಿನ್ ಸಿ ಕರಗಿಸಿದ್ದು ಇದರ ತುಕ್ಕನ್ನೇ. ನೆಲದಡಿಯ ನೀರಿನಲ್ಲಿ ಗಾಳಿಯ ಸಂಪರ್ಕ ಕಡಿಮೆಯಿರುವುದರಿಂದ ಕಬ್ಬಿಣ ಪೂರ್ತಿ ಕರಗಿದ ಸ್ಥಿತಿಯಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಗುಲಿದ ಕೂಡಲೇ ಅದು ತುಕ್ಕಿನ ಕಣಗಳಾಗಿ ಹೊರಬೀಳುತ್ತದೆ. ನಾನು ಹಾಕಿದ ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುವುದಕ್ಕೆ ಮೊದಲು ಈ ಕೆಲಸಕ್ಕೇ ಖರ್ಚಾಗುತ್ತಿತ್ತು. ಒಂದು ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.6 ಮಿಲಿಗ್ರಾಂ ಕ್ಲೋರಿನ್ ಬೇಕು. ಅಷ್ಟು ಪುಡಿ ಹಾಕಿದರೂ ಅಳೆದಾಗ ಕ್ಲೋರಿನ್ ಸೊನ್ನೆ ತೋರಿಸುತ್ತಿದ್ದದ್ದು ಇದೇ ಕಾರಣಕ್ಕೆ.

ಎರಡನೆಯದು ಸುಣ್ಣ, ವಿನೆಗರ್ ಕರಗಿಸಿದ್ದು ಇದನ್ನೇ. ಬಾವಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಕೊಳಕ್ಕೆ ಬಿದ್ದು ಬಯಲಿಗೆ ತೆರೆದುಕೊಂಡಾಗ ಆ ಅನಿಲ ಹೊರಟುಹೋಗುತ್ತದೆ, ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ತಾನಾಗಿಯೇ ಏರುತ್ತದೆ. ಪಿಎಚ್ ಏರಿದರೆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಉಳಿಯಲಾರದೆ ಬಿಳಿ ಪುಡಿಯಾಗಿ ಹೊರಬರುತ್ತದೆ. ಬ್ಲೀಚಿಂಗ್ ಪೌಡರ್ ಸ್ವತಃ ಕ್ಷಾರ, ಅದರಲ್ಲೂ ಕ್ಯಾಲ್ಸಿಯಂ ಇದೆ. ಅದನ್ನು ಹಾಕಿದಷ್ಟೂ ಬಿಳುಪು ಹೆಚ್ಚಿದ್ದು ಸಹಜವೇ.

ಮೂರನೆಯದು ಜೇಡಿಮಣ್ಣು, ವಿಟಮಿನ್ ಸಿ ಲೋಟದಲ್ಲಿ ಕರಗದೆ ಉಳಿದ ಮಬ್ಬು ಇದೇ. ಇದರ ಕಣಗಳು ಎರಡು ಮೈಕ್ರಾನ್‌ಗಿಂತ ಚಿಕ್ಕವು; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹೊಸ ಮರಳಿನ ಫಿಲ್ಟರ್ ಹಿಡಿಯುವುದು 20ರಿಂದ 40 ಮೈಕ್ರಾನ್ ಗಾತ್ರದವುಗಳನ್ನು ಮಾತ್ರ. ಮೇಲಾಗಿ ಈ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ವಾರಗಟ್ಟಲೆ ಬಿಟ್ಟರೂ ಕೂಡಿಕೊಂಡು ತಳಕ್ಕಿಳಿಯುವುದಿಲ್ಲ.

ಪರೀಕ್ಷಾ ಕಿಟ್‌ನಲ್ಲಿ ಅಳೆದಾಗ ಪಿಎಚ್ 8.2, ಪಿಎಚ್ ಏರುಪೇರಾಗದಂತೆ ತಡೆಯುವ ಒಟ್ಟು ಕ್ಷಾರೀಯತೆ ಲೀಟರಿಗೆ 190 ಮಿಲಿಗ್ರಾಂ, ಕ್ಯಾಲ್ಸಿಯಂ ಗಡಸುತನ 340 ಎಂದು ಬಂತು. ಕೊಳದ ಉದ್ದ 8 ಮೀಟರ್, ಅಗಲ 4, ಸರಾಸರಿ ಆಳ 1.3. ಅಂದರೆ ಸುಮಾರು 42,000 ಲೀಟರ್. ಈ ಲೆಕ್ಕವನ್ನು ಪಂಪಿನ ಕೋಣೆಯ ಗೋಡೆಯ ಮೇಲೆ ಬರೆದಿಟ್ಟೆ. ಇದಿಲ್ಲದೆ ಯಾವ ಔಷಧದ ಪ್ರಮಾಣವನ್ನೂ ನಿರ್ಧರಿಸಲು ಬರುವುದಿಲ್ಲ.

ಸುಣ್ಣದ ಮಂಕಿನಿಂದ ಶುರು ಮಾಡಿದೆ, ಏಕೆಂದರೆ ಅದನ್ನು ಹೊರಗೆ ತೆಗೆಯಬೇಕಾಗಿಲ್ಲ, ಮತ್ತೆ ಕರಗಿಸಿದರೆ ಸಾಕು. ಬಕೆಟ್‌ನಲ್ಲಿ ಮೊದಲು ನೀರು ತುಂಬಿಕೊಂಡು ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಿದೆ. ಆಮ್ಲಕ್ಕೆ ನೀರು ಸುರಿಯುವುದು ಅಪಾಯ, ಮುಖಕ್ಕೇ ಸಿಡಿಯುತ್ತದೆ. ಕೈಗವಸು, ಕನ್ನಡಕ ಎರಡೂ ಹಾಕಿಕೊಂಡಿದ್ದೆ. ಬ್ಲೀಚಿಂಗ್ ಪೌಡರ್ ಕದಡಿದ ಬಕೆಟ್ಟನ್ನು ಆಮ್ಲಕ್ಕೆ ಎಂದೂ ಬಳಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುವಂಥದ್ದು. ಪಂಪ್ ಓಡುತ್ತಿರುವಾಗ ಆಳದ ಕಡೆಯ ಅಂಚಿನುದ್ದಕ್ಕೂ ನಡೆಯುತ್ತ ಸುರಿದೆ, ನಾಲ್ಕು ಗಂಟೆ ಬಿಟ್ಟು ಅಳೆದೆ, ಮತ್ತೆ ಸುರಿದೆ. ಮೂರು ಕಂತಿನಲ್ಲಿ ಪಿಎಚ್ 7.2ಕ್ಕೆ ಇಳಿಯಿತು. ಒಂದೇ ಸಲಕ್ಕೆ ಸುರಿದಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ ಹೇಳಲಾಗದು. ಮರುದಿನಕ್ಕೆ ಬಿಳುಪು ಹೆಚ್ಚುಕಡಿಮೆ ಹೋಗಿತ್ತು, ಕಂದು ಮಬ್ಬು ಉಳಿದಿತ್ತು.

ಆ ಮಬ್ಬಿಗೆ ಪಟಿಕವೇ ಮದ್ದು. ಪಟಿಕದಲ್ಲಿರುವ ಅಲ್ಯೂಮಿನಿಯಂ ಜೇಡಿಕಣಗಳ ಋಣಾಂಶವನ್ನು ತಣಿಸುತ್ತದೆ. ಆಗ ಅವು ಒಂದಕ್ಕೊಂದು ಅಂಟಿಕೊಂಡು ತುಕ್ಕಿನ ಕಣಗಳನ್ನೂ ಹಿಡಿದುಕೊಂಡು ಹತ್ತಿಯ ಎಳೆಯಂತೆ ದಪ್ಪವಾಗಿ ತಳಕ್ಕಿಳಿಯುತ್ತವೆ. ಎಷ್ಟು ಹಾಕಬೇಕೆಂಬುದು ನೀರಿನಿಂದ ನೀರಿಗೆ ಬೇರೆಯಾಗುತ್ತದೆ. ಅಂದಾಜಿಗೆ ಬಿಡಲು ಮನಸ್ಸು ಬರಲಿಲ್ಲ. ಈಜುಕೊಳಕ್ಕೆಂದೇ ಸಿಗುವ ಪಟಿಕವಾದ ಅಲ್ಯೂಮಿನಿಯಂ ಸಲ್ಫೇಟ್ ಪುಡಿಯನ್ನು 10 ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿದೆ. ಆ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪುಡಿ ಇರುತ್ತದೆ. ನಾಲ್ಕು ಪಾರದರ್ಶಕ ಬಾಟಲಿಗಳಲ್ಲಿ ತಲಾ ಒಂದು ಲೀಟರ್ ಕೊಳದ ನೀರು ಹಿಡಿದು, ಸೂಜಿ ತೆಗೆದ ಸಿರಿಂಜ್‌ನಿಂದ 1, 2, 3, 5 ಮಿಲಿಲೀಟರ್ ಹಾಕಿ, ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ಕಲಕಿ ಇಟ್ಟೆ.

ಮೂರು ಮಿಲಿಲೀಟರ್ ಹಾಕಿದ ಬಾಟಲಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀರಿನ ನಡುವೆ ಚುಕ್ಕಿಗಳು ಹುಟ್ಟಿದವು. ಚುಕ್ಕಿಗೆ ಚುಕ್ಕಿ ಸೇರಿ ಗರಿಯಂತಾಗಿ ಓಲಾಡುತ್ತ ಕೆಳಗಿಳಿದವು. ಅರ್ಧ ಗಂಟೆಯಲ್ಲಿ ಬಾಟಲಿಯ ಹಿಂದಿಟ್ಟ ಪತ್ರಿಕೆಯ ಸಣ್ಣ ಅಕ್ಷರ ಓದಲು ಬರುತ್ತಿತ್ತು. ಆ ಅರ್ಧ ಗಂಟೆ ನಾನು ಕುಳಿತಲ್ಲಿಂದ ಏಳಲಿಲ್ಲ. ಒಂದು ಮಿಲಿಲೀಟರಿನದು ಮಬ್ಬಾಗಿಯೇ ಇತ್ತು, ಎರಡರದು ಅರೆಬರೆ, ಐದರದು ಮೂರಕ್ಕಿಂತ ಉತ್ತಮವೇನಲ್ಲ. ಹಾಗಾಗಿ ಲೀಟರಿಗೆ 30 ಮಿಲಿಗ್ರಾಂ ಎಂದು ನಿಶ್ಚಯಿಸಿದೆ. 42,000 ಲೀಟರಿಗೆ 1,260 ಗ್ರಾಂ. ಪುಡಿ ಒಂದು ಮಿಲಿಗ್ರಾಂ ಹಾಕಿದರೆ ಕ್ಷಾರೀಯತೆ ಸುಮಾರು ಅರ್ಧ ಮಿಲಿಗ್ರಾಂ ಇಳಿಯುತ್ತದೆ. ನನ್ನ ನೀರಿನಲ್ಲಿ ಅದು ಧಾರಾಳವಾಗಿತ್ತು, ಚಿಂತೆಯಿರಲಿಲ್ಲ. ಕ್ಷಾರೀಯತೆ ಕಡಿಮೆಯಿರುವವರು ಮೊದಲೇ ಸೋಡಿಯಂ ಬೈಕಾರ್ಬೊನೇಟ್ ಹಾಕಿ ಏರಿಸಿಕೊಳ್ಳಬೇಕು.

ಗಾಳಿಯಿಲ್ಲದ ಸಂಜೆ ನೋಡಿಕೊಂಡು, ಫಿಲ್ಟರಿನ ವಾಲ್ವನ್ನು ಮರಳಿನ ಮೂಲಕ ಹಾಯದೆ ನೀರು ಸುತ್ತುವ ಸ್ಥಾನಕ್ಕೆ ತಿರುಗಿಸಿದೆ. ಪಟಿಕದ ಗಸಿ ಮರಳಿಗೆ ಹೊಕ್ಕರೆ ಮರಳು ಗಂಟುಕಟ್ಟುತ್ತದೆ. ಕರಗಿಸಿದ ಪುಡಿಯನ್ನು ಗಿಡಕ್ಕೆ ನೀರು ಹಾಕುವ ಜಾಲರಿ ಮೂತಿಯ ಕ್ಯಾನಿನಲ್ಲಿ ತುಂಬಿ ಮೇಲ್ಮೈಯ ಮೇಲೆಲ್ಲ ಚಿಮುಕಿಸಿದೆ. ಎರಡು ಗಂಟೆ ಸುತ್ತಿಸಿ ಪಂಪ್ ನಿಲ್ಲಿಸಿದೆ.

ಬೆಳಿಗ್ಗೆ ಕೊಳದ ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು. ತಳದುದ್ದಕ್ಕೂ ಬೂದುಗಂದು ಬಣ್ಣದ ಮಡ್ಡಿ ಮಖಮಲ್ ಹಾಸಿದಂತೆ ಮಲಗಿತ್ತು.

ಅರ್ಧ ಕೆಲಸ ಕೆಡುವುದು ಇಲ್ಲಿಯೇ. ತಳದ ಮಡ್ಡಿ ಹೀರುವ ವ್ಯಾಕ್ಯೂಮ್ ಕೊಳವೆಯನ್ನು ನೀರಿನಿಂದ ತುಂಬಿ ಗಾಳಿ ಹೊರಹಾಕಿಕೊಂಡು, ವಾಲ್ವನ್ನು ವೇಸ್ಟ್ ಸ್ಥಾನದಲ್ಲಿಟ್ಟು, ಮಡ್ಡಿಯನ್ನು ನೇರವಾಗಿ ಹೊರಗೆ ಬಿಟ್ಟೆ. ಹೋಗುವ ನೀರು ಬಾವಿಯ ಕಡೆ ಹರಿಯದಂತೆ ಮೊದಲೇ ದಾರಿ ಮಾಡಿದ್ದೆ. ಮೊದಲ ಹದಿನೈದು ನಿಮಿಷ ಸರಾಗವಾಗಿ ನಡೆಯಿತು. ಆಮೇಲೆ ಒಂದು ಮೂಲೆಯಲ್ಲಿ ಆತುರಪಟ್ಟು ವ್ಯಾಕ್ಯೂಮಿನ ತಲೆಯನ್ನು ಎಳೆದೆ. ಮಡ್ಡಿ ಹೊಗೆಯಂತೆ ಎದ್ದು ಆ ಮೂಲೆಯನ್ನೆಲ್ಲ ಮುಚ್ಚಿತು. ಅಲ್ಲಿಗೇ ನಿಲ್ಲಿಸಿದೆ. ರಾತ್ರಿಯಿಡೀ ಮತ್ತೆ ಕೂರಲು ಬಿಟ್ಟು ಮರುದಿನ ಉಳಿದದ್ದನ್ನು ಎಳೆದೆ. ವ್ಯಾಕ್ಯೂಮಿನ ತಲೆ ಬಸವನಹುಳುವಿನಂತೆ ಸರಿಯಬೇಕು, ಎತ್ತಿ ಇಡಬಾರದು, ಒಂದು ಪಟ್ಟಿಯ ಅಂಚಿನ ಮೇಲೆ ಮುಂದಿನ ಪಟ್ಟಿ ಸ್ವಲ್ಪ ಹಾಯಬೇಕು. ಎರಡು ದಿನದಲ್ಲಿ ನೀರಿನ ಮಟ್ಟ 12 ಸೆಂಟಿಮೀಟರ್ ಇಳಿಯಿತು, ಸುಮಾರು 3,800 ಲೀಟರ್.

ಅಷ್ಟನ್ನು ಮತ್ತೆ ತುಂಬಿಸಬೇಕಲ್ಲ? ಅದೇ ಬಾವಿ, ಅದೇ ಕಬ್ಬಿಣ. ಹಾಗೆಯೇ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಬಾವಿಯ ತಳಕ್ಕೆ ಹತ್ತಿರವಿದ್ದ, ಪಂಪಿನ ಹೀರುಕೊಳವೆಯ ತುದಿಯ ಫುಟ್‌ವಾಲ್ವನ್ನು ಮೊದಲು ಒಂದೂವರೆ ಮೀಟರ್ ಮೇಲಕ್ಕೆತ್ತಿಸಿದೆ. ಜೇಡಿ ಬರುತ್ತಿದ್ದದ್ದು ಅಲ್ಲಿಂದಲೇ. ಆಮೇಲೆ 1,000 ಲೀಟರಿನ ಒಂದು ಟ್ಯಾಂಕ್ ಇಟ್ಟು, ಬಾವಿಯ ನೀರು ಅದಕ್ಕೆ ತೂತುಗಳಿರುವ ಪೈಪಿನಿಂದ ಮಳೆಯಂತೆ ಬೀಳುವ ಹಾಗೆ ಮಾಡಿದೆ. ಹನಿಹನಿಯಾಗಿ ಬೀಳುವಾಗ ಗಾಳಿ ತಗುಲಿ ಕಬ್ಬಿಣ ಹೊರಬೀಳತೊಡಗುತ್ತದೆ, ಸ್ವಲ್ಪ ಕ್ಲೋರಿನ್ ಹಾಕಿದರೆ ಉಳಿದದ್ದೂ ಬರುತ್ತದೆ. ರಾತ್ರಿ ಕೂತ ನೀರನ್ನು ತಳದಿಂದ ಒಂದು ಗೇಣು ಮೇಲಿರುವ ನಲ್ಲಿಯಿಂದ ದಪ್ಪ ಬಟ್ಟೆಯ ಚೀಲದ ಮೂಲಕ ಕೊಳಕ್ಕೆ ಬಿಟ್ಟೆ. ನಾಲ್ಕೈದು ರಾತ್ರಿ ಹಿಡಿಯಿತು. ಚೀಲ ಬಿಚ್ಚಿದಾಗಲೆಲ್ಲ ಒಳಗೆ ಇಟ್ಟಿಗೆ ಬಣ್ಣದ ಲೋಳೆ ಇರುತ್ತಿತ್ತು. ಅದೆಲ್ಲ ಕೊಳಕ್ಕೆ ಹೋಗಬೇಕಿದ್ದದ್ದು.

ಉಳಿದಿದ್ದ ಚೂರುಪಾರು ಮಬ್ಬನ್ನು ಫಿಲ್ಟರ್ ನೋಡಿಕೊಂಡಿತು. ನನ್ನ ಪಂಪ್ ಗಂಟೆಗೆ 7,000 ಲೀಟರ್ ಎಳೆಯುತ್ತದೆ, ಕೊಳದಷ್ಟು ನೀರು ಆರು ಗಂಟೆಗೆ ಒಂದು ಸುತ್ತು ಬರುತ್ತದೆ. ಶೋಧಿಸಿದ ನೀರು ಶೋಧಿಸದ ನೀರಿನ ಜೊತೆ ಬೆರೆಯುತ್ತಲೇ ಇರುವುದರಿಂದ ಒಂದು ಸುತ್ತಿನಲ್ಲಿ ಮರಳಿನ ಮೂಲಕ ಹಾಯುವುದು ಶೇ. 63ರಷ್ಟು ನೀರು ಮಾತ್ರ, ಮೂರು ಸುತ್ತಾದರೆ ಶೇ. 95. ಹಾಗಾಗಿ ದಿನಕ್ಕೆ 18 ಗಂಟೆ ಓಡಿಸಿದೆ. ಈ ಬಾರಿ ಬ್ಯಾಕ್‌ವಾಶ್ ಅವಸರ ಮಾಡಲಿಲ್ಲ. ಮರಳಿನ ನಡುವೆ ಸ್ವಲ್ಪ ಕೊಳೆ ಕೂತಾಗಲೇ ಅದು ಸಣ್ಣ ಕಣಗಳನ್ನೂ ಹಿಡಿಯುತ್ತದೆ. ತೊಳೆದ ಮರಳಿನಲ್ಲಿ 0.7 ಬಾರ್ ತೋರಿಸುವ ಒತ್ತಡಮಾಪಕ 1.3ರ ಹತ್ತಿರ ಬಂದಾಗ ಮಾತ್ರ ತೊಳೆದೆ.

ಕ್ಲೋರಿನ್‌ಗೆ ಬ್ಲೀಚಿಂಗ್ ಪೌಡರ್ ಬಿಟ್ಟು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್‌ಗೆ ಬಂದೆ, ಅದರಿಂದ ಕ್ಯಾಲ್ಸಿಯಂ ಸೇರುವುದಿಲ್ಲ. ಹಾಕುವುದು ಸಂಜೆಯೇ, ಬಿಸಿಲಿಗೆ ಕ್ಲೋರಿನ್ ನಿಲ್ಲುವುದಿಲ್ಲ. ಕತ್ತಲಾದ ಮೇಲೊಮ್ಮೆ, ಸೂರ್ಯ ಹುಟ್ಟುವ ಮೊದಲೊಮ್ಮೆ ಅಳೆದೆ. ರಾತ್ರಿಯಲ್ಲಿ ಇಳಿದದ್ದು ಲೀಟರಿಗೆ ಅರ್ಧ ಮಿಲಿಗ್ರಾಂ. ಒಂದಕ್ಕಿಂತ ಹೆಚ್ಚು ಇಳಿದಿದ್ದರೆ ಪಾಚಿಯೋ ಬೇರೇನೋ ಕ್ಲೋರಿನ್ ತಿನ್ನುತ್ತಿದೆ ಎಂದು ತಿಳಿಯಬೇಕಿತ್ತು. ಈಗ ಪಿಎಚ್ 7.4ರ ಆಸುಪಾಸು, ಕ್ಲೋರಿನ್ 2ರಿಂದ 3.

ಮಗಳು ಆಳದ ಕಡೆಗೆ ಒಂದು ನಾಣ್ಯ ಎಸೆದು ದಡದಲ್ಲೇ ಬಗ್ಗಿ ನೋಡಿ ಯಾವ ಮುಖ ಮೇಲಿದೆ ಎಂದು ಹೇಳಿದಳು. ಅವತ್ತು ಇಳಿಯಲು ಬಿಟ್ಟೆ.

ಪಂಪಿನ ಪಕ್ಕದಲ್ಲಿ ಈಗ ಒಂದು ಬಿಳಿ ಬಕೆಟ್ ಇದೆ. ಕೊಳಕ್ಕೆ ನೀರು ಬಿಡುವ ಪ್ರತಿ ಸಲವೂ ಮೊದಲು ಅದರಲ್ಲಿ ಬಾವಿಯ ನೀರು ಹಿಡಿದು ನಾಲ್ಕು ಹನಿ ಕ್ಲೋರಿನ್ ಹಾಕಿ ಕಾಲು ಗಂಟೆ ಬಿಡುತ್ತೇನೆ. ಕಳೆದ ಮಳೆಯ ನಂತರ ಅದು ಕಂದಾಗಿದ್ದಷ್ಟೇ ಅಲ್ಲ, ಹನಿ ಬೀಳುವ ಮೊದಲೇ ಮಸುಕಾಗಿತ್ತು. ಆರು ದಿನ ಕೊಳಕ್ಕೆ ನೀರು ಬಿಡಲಿಲ್ಲ. ಏಳನೆಯ ದಿನ ಬಕೆಟ್ಟಿನ ತಳ ಬೆಳ್ಳಗೆ ಕಂಡಿತು, ಟ್ಯಾಂಕಿನ ನಲ್ಲಿ ತಿರುಗಿಸಿದೆ.