ಅಲಾಯ್ ವೀಲ್ ಮನೇಲೇ ಕೈಯಲ್ಲಿ ಉಜ್ಜಿ ಪಾಲಿಶ್ ಮಾಡಿದ್ದು: ನನ್ನ ಅನುಭವ

ನಾವಿರೋದು ನವಿ ಮುಂಬೈಯ ನೇರುಳ್‌ನಲ್ಲಿ, ಖಾಡಿಯ (ಸಮುದ್ರದ ಹಿನ್ನೀರಿನ) ಬದಿ. ಇಲ್ಲಿಯ ಉಪ್ಪುಗಾಳಿಗೆ ಕಬ್ಬಿಣ ಮಾತ್ರ ಅಲ್ಲ ಅಲ್ಯೂಮಿನಿಯಂ ಕೂಡ ಹಾಳಾಗ್ತದೆ ಅಂತ ನಮ್ಮ ಭಾವನ ಕಾರಿನ ಅಲಾಯ್ ವೀಲ್ ನೋಡಿದ್ರೇ ಗೊತ್ತಾಗ್ತಿತ್ತು. ಕ್ಲಿಯರ್ ಕೋಟಿನ, ಅಂದ್ರೆ ಮೇಲಿನ ಪಾರದರ್ಶಕ ಲ್ಯಾಕರ್ ಪದರದ, ಅಡಿಯಲ್ಲಿ ಬಿಳಿ ಬಿಳಿ ವಕ್ರ ಗೆರೆಗಳು ಹಬ್ಬಿದ್ವು. ಕಲ್ಲು ಬಡಿದೋ ಫುಟ್‌ಪಾತಿಗೆ ತಾಗಿಯೋ ಲ್ಯಾಕರ್ ಒಂದು ಕಡೆ ಎದ್ದರೆ ಸಾಕು, ಅಲ್ಲಿಂದ ಉಪ್ಪಿನ ತೇವ ಒಳಗೆ ಹೋಗಿ ಲ್ಯಾಕರಿನ ಕೆಳಗೇ ಹರಡ್ತಾ ಹೋಗ್ತದೆ, ಮೇಲಿಂದ ಎಂಥ ಪಾಲಿಶ್ ಹಚ್ಚಿದ್ರೂ ಅದಕ್ಕೆ ತಾಗೋದೇ ಇಲ್ಲ. "ಹೊಸದೇ ತಗೊಳ್ಳುವ ಮಾರಾಯ, ಯಾಕೆ ಸುಮ್ನೆ ಕೈ ನೋಯಿಸ್ಕೊಳ್ತಿ" ಅಂದ್ರು ಭಾವ. "ಒಂದು ವೀಲ್ ನಂಗೆ ಕೊಡಿ ಭಾವ, ಆಮೇಲೆ ಹೇಳಿ" ಅಂದೆ.

ಶುರು ಮಾಡೋ ಮೊದಲು ವೀಲ್ ಯಾವ ಥರದ್ದು ಅಂತ ನೋಡ್ಲೇಬೇಕು. ಕ್ರೋಮ್ ಪ್ಲೇಟಿಂಗ್ ಇದ್ದದ್ದನ್ನ ಮನೇಲಿ ಉಜ್ಜೋ ಯೋಚನೆ ಬಿಟ್ಟುಬಿಡಿ. ಡೈಮಂಡ್ ಕಟ್ ಇದ್ರೆ ಅದರ ಮುಖದಲ್ಲಿ ಲೇತ್‌ನ (ತಿರುಗಿಸಿ ಕೆತ್ತುವ ಯಂತ್ರದ) ಸಣ್ಣ ಸಣ್ಣ ಗೆರೆ ಇರ್ತದೆ, ಉಜ್ಜೋ ಪೇಪರ್ ಹಾಕಿದ ಕೂಡ್ಲೆ ಹೋಗಿಬಿಡ್ತದೆ, ಮತ್ತೆ ಬೇಕಂದ್ರೆ ಲೇತಿಗೇ ಕೊಡ್ಬೇಕು. ಗುಂಡಿಗೆ ಬಿದ್ದು ಬಗ್ಗಿದ್ದು, ಕ್ರ್ಯಾಕ್ ಬಿಟ್ಟದ್ದು ಇದ್ರೆ ಅದು ಪಾಲಿಶಿನ ಕೆಲಸವೇ ಅಲ್ಲ. ನಮ್ಮದು ಸಾದಾ ಎರಕದ ವೀಲ್. ಕಾರಿಗೆ ಸ್ಟೆಪ್ನಿ ಹಾಕಿ ಒಂದೊಂದೇ ಬಿಚ್ಚಿ ತಂದೆ, ಸೊಸೈಟಿಯವರಿಗೆ ಹೇಳಿ ಟೆರೇಸಲ್ಲಿ ಜಾಗ ಮಾಡ್ಕೊಂಡೆ.

ಟೆರೇಸೇ ಯಾಕಂದ್ರೆ, ಮೊದಲು ಹಳೇ ಲ್ಯಾಕರ್ ತೆಗೀಲಿಕ್ಕೆ ಹಚ್ಚುವ ಪೇಂಟ್ ರಿಮೂವರ್. ನಾನು ತಂದ ಡಬ್ಬಿಯಲ್ಲಿ ಇದ್ದದ್ದು ಮೆಥಿಲೀನ್ ಕ್ಲೋರೈಡ್. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ಕೆಳಗೇ ತುಂಬ್ಕೊಳ್ತದೆ, ಒಳಗೆ ಎಳ್ಕೊಂಡ್ರೆ ಮೈಯಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗ್ತದೆ. ಬಾತ್‌ರೂಮಲ್ಲೋ ಬಾಗಿಲು ಹಾಕಿದ ಬಾಲ್ಕನಿಯಲ್ಲೋ ಇದನ್ನ ತೆಗೆಯಲೇಬೇಡಿ, ಬಟ್ಟೆ ಮಾಸ್ಕಿಂದ ಏನೂ ಪ್ರಯೋಜನ ಇಲ್ಲ. ತೆಳು ನೈಟ್ರೈಲ್ ಗ್ಲೌಸ್ ಬೇಗ ಕೈ ಕೊಡ್ತದೆ, ಕೆಮಿಕಲ್ ಕೆಲಸಕ್ಕೆ ಅಂತಲೇ ಸಿಗುವ ಪದರ ಪದರದ ಪ್ಲಾಸ್ಟಿಕ್ ಲ್ಯಾಮಿನೇಟ್ (PE/EVOH) ಗ್ಲೌಸ್ ಹುಡುಕಿ ತನ್ನಿ, ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಬ್ಬರು ಕಾಸ್ಟಿಕ್ ಸೋಡಾ ಹಾಕಿ, ಚೀಪಾಗಿ ಆಗ್ತದೆ ಅಂದ್ರು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿಂದುಬಿಡ್ತದೆ, ಹೈಡ್ರೋಜನ್ ಬಿಡ್ತದೆ, ವೀಲ್ ಕಪ್ಪಾಗಿ ಗುಳಿ ಬೀಳ್ತದೆ, ದಯವಿಟ್ಟು ಬೇಡ.

ರಿಮೂವರ್ ರಬ್ಬರಿಗೆ ತಾಗ್ಬಾರ್ದು. ಟೈರಿನ ಗಾಳಿ ಬಿಟ್ಟು, ರಿಮ್ಮಿಗೂ ಟೈರಿಗೂ ನಡುವೆ ಹಳೇ ಮದುವೆ ಕಾಗದಗಳನ್ನ ಸುತ್ತಲೂ ಸಿಕ್ಕಿಸಿ ಮೇಲೆ ಪ್ಲಾಸ್ಟಿಕ್ ಕಟ್ಟಿದೆ. ದಪ್ಪಕ್ಕೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಬೇಕು, ಯಾಕಂದ್ರೆ ಮೆಥಿಲೀನ್ ಕ್ಲೋರೈಡ್ 40 ಡಿಗ್ರಿಗೇ ಕುದೀತದೆ, ಮುಂಬೈ ಬಿಸಿಲಲ್ಲಿ ಕೆಲಸ ಮಾಡೋ ಮೊದಲೇ ಹಾರಿಹೋಗ್ತದೆ. ನೆರಳಲ್ಲಿ ಇಟ್ಟು ಮುಚ್ಚಿದ್ಮೇಲೆ ಲ್ಯಾಕರ್ ಸುಕ್ಕುಗಟ್ಟಿ ಏಳ್ತದೆ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೀಬಹುದು. ಮೂಲೆಗಳಿಗೆ ನೈಲಾನ್ ಬ್ರಷ್. ಕಬ್ಬಿಣದ ತಂತಿ ಬ್ರಷ್ ಬೇಡ, ಅದರ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಆಮೇಲೆ ಕಂದು ಕಲೆ ಬಿಡ್ತದೆ. ಕೆರೆದದ್ದನ್ನ ಪೇಪರಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಚರಂಡಿಗೆ ಬಿಡ್ಬೇಡಿ.

ಇನ್ನು ಉಜ್ಜೋದು. ಹೊಳಪು ಬರೋದು ಪೇಸ್ಟಿಂದ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ, ಆದ್ರೆ ಹೊಳಪು ಪೂರ್ತಿ ಇರೋದು ವಾಟರ್ ಪೇಪರಲ್ಲಿ, ಅಂದ್ರೆ ಒದ್ದೆ ಮಾಡಿ ಉಜ್ಜುವ ಸ್ಯಾಂಡ್‌ಪೇಪರಲ್ಲಿ. ಇದನ್ನ ನಂಗೆ ಕಲಿಸಿದ್ದು ನಮ್ಮ ಪಕ್ಕದ ವಿಂಗಿನ ಶೆಟ್ರು, ಠಾಣೆ-ಬೇಲಾಪುರ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಮೋಲ್ಡ್ ಮಾಡುವಲ್ಲಿ ಡೈ (ಲೋಹದ ಅಚ್ಚು) ಪಾಲಿಶ್ ಮಾಡಿಯೇ ರಿಟೈರ್ ಆದವರು. ಟೆರೇಸಿಗೆ ವಾಕಿಂಗಿಗೆ ಬಂದವರು ಬಗ್ಗಿ ನೋಡಿ ಹೇಳಿದ್ರು: "ಒಂದು ಪೇಪರ್ ಅಡ್ಡ ಉಜ್ಜಿದ್ರೆ ಮುಂದಿನದ್ದು ಉದ್ದ ಉಜ್ಜಬೇಕು ಮಗಾ. ಆಗ ಹಿಂದಿನ ಗೆರೆ ಉಂಟಾ ಹೋಯ್ತಾ ಅಂತ ಕಣ್ಣಿಗೇ ಕಾಣ್ತದೆ. ಒಂದು ಗೆರೆ ಉಳಿದ್ರೂ ಮುಂದಿನ ನಂಬರಿಗೆ ಹೋಗ್ಬೇಡ."

ಇಷ್ಟೇ ಮಾತು, ಇಡೀ ಕೆಲಸ ಇದರಲ್ಲೇ ಉಂಟು. ಒಂದೊಂದು ನಂಬರಿನ ಪೇಪರಿಗೂ ಒಂದೇ ಡ್ಯೂಟಿ, ಹಿಂದಿನ ಪೇಪರಿನ ಗೆರೆ ಅಳಿಸೋದು. ನಂಬರ್ ದೊಡ್ಡದಾದಷ್ಟೂ ಪೇಪರ್ ನಯ. 240ರ ಗೆರೆಯನ್ನ 320 ಅಳಿಸ್ತದೆ, 2000 ಯಾವತ್ತೂ ಅಳಿಸೋದಿಲ್ಲ, 2000 ಹಾಕಿದ ಮೇಲೆ ಆ ಗೆರೆ ಹೊಳಪಿನ ನಡುವೆ ಇನ್ನೂ ಎದ್ದು ಕಾಣ್ತದೆ. ನಾನು ಮುಂಬೈಯ ಮಸೀದ್ ಬಂದರಿನ ನಾಗದೇವಿ ಸ್ಟ್ರೀಟಿಂದ 240, 320, 400, 600, 800, 1000, 1500, 2000 ಎಲ್ಲ ಹಾಳೆ ತಂದಿದ್ದೆ, ಫುಟ್‌ಪಾತಿಗೆ ತರಚಿದ ಅಂಚಿಗೆ ಮಾತ್ರ ಅದಕ್ಕಿಂತ ಒರಟು 150. ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗೋದು ಮೊದಲಿನ ಎರಡು ನಂಬರಿಗೇ, ಬಿಳಿ ಕಲೆಯ ಕೊನೇ ಗುಳಿ ಹೋಗುವ ತನಕ ಅಲ್ಲೇ ಇರ್ಬೇಕು, 800 ದಾಟಿದ್ಮೇಲೆ ಕೆಲಸ ಹಗುರ. ಮಾರ್ಕರಿಂದ ಮೇಲೆಲ್ಲ ಗೀಚಿ ಆಮೇಲೆ ಉಜ್ಜಿದ್ರೆ ಎಲ್ಲಿ ತಾಗಿಲ್ಲ ಅಂತಲೂ ಗೊತ್ತಾಗ್ತದೆ.

ಯಾವಾಗ್ಲೂ ಒದ್ದೆಯಾಗೇ ಉಜ್ಜಿ, ಬಕೆಟ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ. ಒಣ ಅಲ್ಯೂಮಿನಿಯಂ ಪುಡಿ ಬೆಂಕಿ ಹತ್ತುವಂಥದ್ದು, ಶ್ವಾಸಕೋಶಕ್ಕೂ ಒಳ್ಳೇದಲ್ಲ. ಪ್ರತೀ ನಂಬರಿಗೂ ನೀರು ಬದಲಿಸಿ ವೀಲ್ ಚೆನ್ನಾಗಿ ತೊಳೀಬೇಕು, ಹಿಂದಿನ ಒಂದು ಕಾಳು ಉಳಿದ್ರೂ 1500ರ ಮೇಲೆ ಉದ್ದ ಗೀರು ಎಳೀತದೆ. ಸ್ಪೋಕಿನ ಒಳಮೂಲೆಗೆ ಬೆರಳಿಂದ ಒತ್ತಿದ್ರೆ ಬೆರಳಿನ ಗುರುತೇ ಹಳ್ಳ ಆಗ್ತದೆ, ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಅದಕ್ಕೆ ಪೇಪರ್ ಸುತ್ತಿಕೊಂಡ್ರೆ ಬಹಳ ಚಂದ ಕೂರ್ತದೆ. ಉಜ್ಜಬಾರದ ಜಾಗಗಳೂ ಉಂಟು: ನಟ್ ಕೂರುವ ಓರೆ, ಹಿಂದೆ ಕಾರಿನ ಹಬ್‌ಗೆ (ವೀಲ್ ಕೂರುವ ನಡುಭಾಗಕ್ಕೆ) ತಾಗುವ ಮುಖ, ಟೈರ್ ಕೂರುವ ಅಂಚು. ಅಲ್ಲಿಯ ಅಳತೆ ಕೆಟ್ರೆ ವೀಲ್ ಸಡಿಲ ಆಗ್ತದೆ, ಗಾಳಿ ಸೋರ್ತದೆ.

ಎರಕದ ವೀಲಲ್ಲಿ ಸಾಮಾನ್ಯವಾಗಿ 7 ಪರ್ಸೆಂಟಿನಷ್ಟು ಸಿಲಿಕಾನ್ ಇರ್ತದೆ. ಉಜ್ಜಿದಾಗ ಎರಕದ ಗಾಳಿಗುಳ್ಳೆಗಳು ಸಣ್ಣ ಚುಕ್ಕಿಯಾಗಿ ಅಲ್ಲಲ್ಲಿ ಕಾಣ್ತವೆ, ಅದನ್ನ ತೆಗೀಲಿಕ್ಕೆ ಹೋದ್ರೆ ಕೆಳಗೆ ಇನ್ನೊಂದು ಸಿಕ್ತದೆ, ಹಾಗೇ ಬಿಡಿ. ಈ ಸಿಲಿಕಾನ್, ಗುಳ್ಳೆಗಳಿಂದಾಗಿ ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ಮಾಡಿದ) ವೀಲಿನ ಕನ್ನಡಿ ಹೊಳಪು ಇದಕ್ಕೆ ಬರೋದಿಲ್ಲ, ಬೆಳ್ಳಿ ತಟ್ಟೆಯಷ್ಟು ಬರ್ತದೆ, ನಂಗೆ ಅದೇ ಇಷ್ಟ.

ಕೊನೆಗೆ ಆಟೋಸಾಲ್ ಅನ್ನೋ ಮೆಟಲ್ ಪಾಲಿಶ್ ಪೇಸ್ಟ್, ಹಳೇ ಕಾಟನ್ ಬನಿಯನ್. ಸ್ವಲ್ಪ ಸ್ವಲ್ಪ ಜಾಗ ಹಿಡಿದು ಉಜ್ಜಿದ್ರೆ ಬಟ್ಟೆ ಕರ್ರಗಾಗ್ತದೆ. ಅದು ಕೊಳೆ ಅಲ್ಲ, ಲೋಹವೇ ಸವೆದು ಬರೋದು, ಹಾಗಾಗಿ ಕಪ್ಪು ನಿಲ್ಲೋ ತನಕ ಉಜ್ತೇನೆ ಅಂತ ಕೂತ್ರೆ ಮುಗಿಯೋದೇ ಇಲ್ಲ. ಪೇಸ್ಟ್ ಒಣಗೋ ಮೊದಲು ಬೇರೆ ಬಟ್ಟೆಯಿಂದ ಒರಸಿ, ಮೇಲೆ ಸ್ವಲ್ಪ ಮೈದಾ ಉದುರಿಸಿ ತಿಕ್ಕಿದ್ರೆ ಉಳಿದ ಜಿಡ್ಡೆಲ್ಲ ಎದ್ದು ಬರ್ತದೆ.

ಕ್ಲಿಯರ್ ಕೋಟ್ ಮತ್ತೆ ಹೊಡೀಲಿಲ್ಲ. ಅಷ್ಟು ನುಣುಪಾದ ಲೋಹಕ್ಕೆ ಅದು ಸರಿ ಹಿಡಿಯೋದಿಲ್ಲ, ಒಂದು ಕಲ್ಲು ತಾಗಿದ್ರೆ ಮತ್ತೆ ಅದೇ ಬಿಳಿ ಗೆರೆ. ಬದಲಿಗೆ ವ್ಯಾಕ್ಸ್, ಮಳೆಗಾಲದಲ್ಲಂತೂ ಪದೇ ಪದೇ. ತೊಳೀಲಿಕ್ಕೆ ಸಾದಾ ಕಾರ್ ಶಾಂಪೂ ಮಾತ್ರ, ಆ್ಯಸಿಡ್ ಇರೋ ವೀಲ್ ಕ್ಲೀನರ್ ಬೇಡ. ಇಷ್ಟು ನೋಡ್ಕೊಳ್ಳೋ ಮನಸ್ಸಿಲ್ಲದವರು ಉಜ್ಜೋ ಬದಲು ಸಿಲ್ವರ್ ಪೇಂಟ್ ಮಾಡಿಸೋದೇ ಒಳ್ಳೇದು, ಸಮುದ್ರದ ಬದಿ ಊರಲ್ಲಿ ಬರೀ ಅಲ್ಯೂಮಿನಿಯಂ ಬೇಗ ಮಂಕಾಗ್ತದೆ.

ಮೊದಲನೇ ವೀಲ್ ಹಾಕಿದ ದಿನ ಭಾವ ಬಗ್ಗಿ ನೋಡಿ, "ಉಳಿದದ್ದೂ ಬಿಚ್ಚುವ, ನಾನೂ ಬರ್ತೇನೆ" ಅಂದ್ರು. ಈಗ 240 ಅವರ ಪಾಲಿಗೆ, 600ರ ನಂತರದ್ದು ನನ್ನ ಪಾಲಿಗೆ. ವೀಲ್ ವಾಪಸ್ ಹಾಕುವಾಗ ನಟ್‌ಗಳನ್ನ ಒಂದರ ಪಕ್ಕ ಒಂದು ಅಲ್ಲ, ಎದುರೆದುರು ಬಿಗೀಬೇಕು, ಟಾರ್ಕ್ (ಬಿಗಿಯುವ ಬಲ) ಎಷ್ಟಂತ ಕಾರಿನ ಮ್ಯಾನ್ಯುಯಲಲ್ಲಿ ಇರ್ತದೆ. ಗಾಳಿ ತುಂಬಿಸಿ ಬ್ಯಾಲೆನ್ಸಿಂಗ್ ಮಾಡಿಸಿ, 50-100 ಕಿಲೋಮೀಟರ್ ಓಡಿದ್ಮೇಲೆ ನಟ್ ಇನ್ನೊಮ್ಮೆ ಚೆಕ್ ಮಾಡಿ.