ಕವಳ ಹಾಕುವವರ ದವಡೆಗೆ ಎಂಡೋಕ್ರೌನ್: ನನ್ನ ಅನುಭವ

ಬೇರಿನೊಳಗೆ ಪೋಸ್ಟ್ (ಆಧಾರದ ಕಡ್ಡಿ) ಇಡದೆ, ಹಲ್ಲಿನ ಸುತ್ತಲೂ ಕೊರೆಯದೆ ಕೂರಿಸಿದ ಕ್ಯಾಪ್ ಕವಳ, ಅಂದರೆ ಎಲೆ ಅಡಿಕೆ, ಜಗಿಯುವವರ ಬಾಯಲ್ಲಿ ಆರು ತಿಂಗಳೂ ಉಳಿಯುವುದಿಲ್ಲ ಎಂದು ನಮ್ಮ ದಂತವೈದ್ಯರ ಸಂಘದ ಶಾಖೆಯ ಹಿರಿಯರು ಸಭೆಯಲ್ಲೇ ಹೇಳಿದ್ದರು. ರೂಟ್ ಕೆನಾಲ್ ಆದ ಹಲ್ಲಿನ ನಡುವಿನ ಪೊಳ್ಳಿನೊಳಗೆ ಇಳಿದು ಅಂಟಿ ನಿಲ್ಲುವ ಅಂಥ ಒಂದೇ ತುಂಡಿನ ಕ್ಯಾಪಿಗೆ ಎಂಡೋಕ್ರೌನ್ ಎನ್ನುತ್ತಾರೆ. ಆಗ ಕೂರಿಸಿದ ಎಂಡೋಕ್ರೌನ್‌ಗಳಲ್ಲಿ ಹೆಚ್ಚಿನವು ಐದಾರು ವರ್ಷ ಕಳೆದರೂ ಅದೇ ಬಾಯಿಗಳಲ್ಲಿ ಅಡಿಕೆಯನ್ನೇ ಅರೆಯುತ್ತಿರುವುದರಿಂದ, ನಾನು ಮಾಡಿದ್ದನ್ನು ಸಹೋದ್ಯೋಗಿಗಳಿಗೆ ತಿಳಿಸಬಹುದು ಎನ್ನಿಸಿತು.

ಸಾಗರ, ಸಿದ್ದಾಪುರ, ಶಿರಸಿಯ ಕಡೆ ಕೆಲಸ ಮಾಡುವವರಿಗೆ ಇಲ್ಲಿನ ಹಲ್ಲುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ನಲವತ್ತು ದಾಟುವಷ್ಟರಲ್ಲಿ ದವಡೆ ಹಲ್ಲು ಸವೆದು ವಸಡಿನ ಮೇಲೆ ಮೂರು ಮಿಲಿಮೀಟರ್ ಉಳಿದಿದ್ದರೆ ಅದೇ ಪುಣ್ಯ. ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಿನಷ್ಟೇ ತೆರೆಯುವವರಲ್ಲಿ ಏಳನೆಯ ಹಲ್ಲಿನ (ಎರಡನೆಯ ದವಡೆ ಹಲ್ಲಿನ) ಹಿಂಬದಿಗೆ ಕೊರೆಯುವ ಹ್ಯಾಂಡ್‌ಪೀಸ್ ತಲುಪುವುದೇ ಇಲ್ಲ. ಅಂಥ ಹಲ್ಲನ್ನು ಸುತ್ತ ಕೊರೆದು ಮೆಟಲ್ ಸೆರಾಮಿಕ್ ಕ್ಯಾಪ್ ಹಾಕಿದರೆ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಹಾಕಿಸಿಕೊಂಡವರು ಮುಂದಿನ ಮಳೆಗಾಲಕ್ಕೆ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮರಳಿ ಬರುತ್ತಿದ್ದರು. ಆಗ ಲ್ಯಾಬಿಗೆ ಆರೇಳು ನೂರು ಕೊಟ್ಟು ರೋಗಿಯಿಂದ ಮೂರು ಸಾವಿರದಷ್ಟು ಪಡೆಯುತ್ತಿದ್ದೆ. ಮರಳಿ ಅಂಟಿಸುವುದಕ್ಕೆ ಹಣ ಕೇಳುವಂತಿರಲಿಲ್ಲ, ಹೊಸದು ಮಾಡಿಸಿದರೆ ಲ್ಯಾಬಿನ ಖರ್ಚು ನನ್ನದೇ ಆಗುತ್ತಿತ್ತು. ಒಂದು ವರ್ಷವಂತೂ ಹೀಗೆ ಹೋದ ಹಣ ಕ್ಲಿನಿಕ್ಕಿನ ಎರಡು ತಿಂಗಳ ಬಾಡಿಗೆಯಷ್ಟಾಗಿತ್ತು.

ಎಲ್ಲರೂ ಮಾಡುವುದನ್ನು ನಾನೂ ಮಾಡಿ ನೋಡಿದ್ದೆ. ಹಿಡಿತಕ್ಕೆ ಹಲ್ಲಿನಲ್ಲಿ ಗ್ರೂವ್, ಬಾಕ್ಸ್ (ಗೀರು, ಗುಳಿ) ಕೊಟ್ಟು ಪೂರ್ತಿ ಲೋಹದ ಕ್ಯಾಪ್ ಹಾಕಿದರೆ ಅದು ನಿಲ್ಲುತ್ತಿತ್ತು, ಆದರೆ ಬೆಳ್ಳಿ ಬಣ್ಣದ ಹಲ್ಲು ಬೇಡವೆಂದು ಹತ್ತರಲ್ಲಿ ಎಂಟು ಮಂದಿ ಎದ್ದು ಹೋಗುತ್ತಿದ್ದರು. ವಸಡು ಇಳಿಸುವ ಶಸ್ತ್ರಚಿಕಿತ್ಸೆಯನ್ನು ಬಿಗಿದ ಬಾಯಿಗಳಲ್ಲಿ ಮಾಡಿದವರಿಗೆ ಅದರ ಕಷ್ಟ ಗೊತ್ತು, ಮೇಲಾಗಿ ಬೇರು ಕವಲೊಡೆಯುವ ಜಾಗವೇ ತೆರೆದುಕೊಳ್ಳುವ ಭಯ. ಪೋಸ್ಟ್ ಇಟ್ಟು ಅದರ ಮೇಲೆ ಕೋರ್ (ಹಲ್ಲಿನ ಬದಲಿ ದಿಂಡು) ಕಟ್ಟಿದಾಗ ಕ್ಯಾಪ್ ಉಳಿದು ಬೇರು ಸೀಳಿದ ಪ್ರಕರಣಗಳೂ ಇದ್ದವು; ಬಿದ್ದ ಕ್ಯಾಪನ್ನು ಮರಳಿ ಅಂಟಿಸಬಹುದು, ಸೀಳಿದ ಬೇರಿಗೆ ಕೀಳುವುದೊಂದೇ ದಾರಿ. ಗಟ್ಟಿ ಬಿಳಿ ಸೆರಾಮಿಕ್ ಆದ ಜಿರ್ಕೋನಿಯಾ ಬಂದಾಗ ನಾನೂ ಹಿಗ್ಗಿದೆ, ಆದರೆ ಗಿಡ್ಡ ಹಲ್ಲಿನ ಮೇಲೆ ಅದು ಸಿಮೆಂಟನ್ನೆಲ್ಲ ಹಲ್ಲಿಗೇ ಬಿಟ್ಟು ತಾನು ಮಾತ್ರ ಕಳಚಿಕೊಳ್ಳುತ್ತಿತ್ತು.

ಎಂಡೋಕ್ರೌನ್ ಹೊಸದೇನಲ್ಲ, ಬಿಂಡ್ಲ್ ಮತ್ತು ಮೋರ್ಮಾನ್ 1999ರಲ್ಲೇ ಆ ಹೆಸರಿನಲ್ಲಿ ಬರೆದಿದ್ದಾರೆ. ನನಗೆ ಹಿಡಿಸಿದ್ದು ಅದರ ಎರಡು ಅನುಕೂಲಗಳು. ಹಲ್ಲಿನ ಹಿಂಬದಿಗೆ ಕೈ ಹಾಕಬೇಕಾಗಿಲ್ಲ, ಮತ್ತು ಅಂಚು ವಸಡಿನ ಮೇಲೆಯೇ ನಿಲ್ಲುತ್ತದೆ. ಮೇಲ್ಭಾಗವನ್ನು ಸುಮಾರು ಎರಡು ಮಿಲಿಮೀಟರ್ ಸಮತಟ್ಟಾಗಿ ಇಳಿಸಿ, ಪಲ್ಪ್ ಚೇಂಬರಿನ (ಹಲ್ಲಿನ ನಡುವಿನ ಪೊಳ್ಳಿನ) ಗೋಡೆಗಳನ್ನು ಆರರಿಂದ ಎಂಟು ಡಿಗ್ರಿ ತೆರೆದು, ಅಂಡರ್‌ಕಟ್‌ಗಳನ್ನು (ಒಳಸರಿದ ಜಾಗಗಳನ್ನು) ಫ್ಲೋಯಬಲ್ ಎಂಬ ತೆಳು ಕಾಂಪೋಸಿಟ್‌ನಿಂದ ತುಂಬುತ್ತೇನೆ. ಚೇಂಬರಿನೊಳಗೆ ಮೂರು ಮಿಲಿಮೀಟರ್ ಆಳ ಸಿಗದಿದ್ದರೆ ಆ ಹಲ್ಲಿಗೆ ಕೈ ಹಾಕುವುದಿಲ್ಲ.

ಮೊದಮೊದಲು ಕೂರಿಸಿದವುಗಳಲ್ಲಿ ಕೆಲವು ಕಳಚಿದಾಗ ಹಿರಿಯರ ಮಾತೇ ನಿಜವೇನೋ ಎನ್ನಿಸಿತ್ತು. ಒಂದೊಂದಾಗಿ ಪರಿಶೀಲಿಸಿದಾಗ ದೋಷ ವಿನ್ಯಾಸದ್ದಲ್ಲ, ಅಂಟಿನದ್ದು ಎಂದು ತಿಳಿಯಿತು. ರೂಟ್ ಕೆನಾಲ್ ಮುಗಿದ ದಿನವೇ ಬೇರು ತೊಳೆಯುವ ಹೈಪೋಕ್ಲೋರೈಟ್ ತಾಗಿದ ಡೆಂಟೀನಿನ (ಹಲ್ಲಿನ ಒಳಪದರದ) ಮೇಲೆ ರೆಸಿನ್ ಅಂಟು ಸರಿಯಾಗಿ ಹಿಡಿಯುತ್ತಿರಲಿಲ್ಲ. ಈಗ ಬೇರೆ ದಿನ ಕರೆದು, ಗೋಡೆಗಳನ್ನು ಹೊಸದಾಗಿ ಕೆರೆದು, ಅಳತೆ ತೆಗೆಯುವ ಮುನ್ನವೇ ಬಾಂಡ್ ಹಚ್ಚಿ ಮುಚ್ಚುತ್ತೇನೆ. ತಾತ್ಕಾಲಿಕ ಮುಚ್ಚಳಕ್ಕೆ ಲವಂಗದ ಎಣ್ಣೆಯ ಯೂಜಿನಾಲ್ ಇರುವ ಯಾವುದನ್ನೂ ಮುಟ್ಟುವುದಿಲ್ಲ. ಲ್ಯಾಬಿನಿಂದ ಎಚ್ ಮಾಡಿ (ಅಂಟು ಹಿಡಿಯಲು ಆಸಿಡ್‌ನಿಂದ ಒರಟಾಗಿಸಿ) ಬಂದ ಲಿಥಿಯಂ ಡೈಸಿಲಿಕೇಟ್ ಸೆರಾಮಿಕ್ ತುಂಡನ್ನು ಬಾಯಲ್ಲಿಟ್ಟು ನೋಡಿದ ಕೂಡಲೇ ಜೊಲ್ಲು ತಾಗಿ ಆ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಹಾಗಾಗಿ ಎಚ್ ಮಾಡಬೇಡಿ ಎಂದು ಲ್ಯಾಬಿಗೆ ಬರೆದು, ಅಳತೆ ನೋಡಿದ ನಂತರ 5% ಹೈಡ್ರೋಫ್ಲೋರಿಕ್ ಆಸಿಡ್ ಅನ್ನು ಬಾಯಿಯ ಹೊರಗೆ, ಗ್ಲೌಸ್ ಹಾಕಿಕೊಂಡು, 20 ಸೆಕೆಂಡ್ ನಾನೇ ಹಚ್ಚಿ ತೊಳೆದು, ಸೆರಾಮಿಕ್‌ಗೂ ರೆಸಿನ್‌ಗೂ ಕೊಂಡಿಯಾಗುವ ಸೈಲೇನ್‌ಗೆ ಒಂದು ನಿಮಿಷ ಕೊಡುತ್ತೇನೆ. ಎರಡು ಬೆರಳಿನ ಬಾಯಲ್ಲಿ ರಬ್ಬರ್ ಡ್ಯಾಮ್ (ಜೊಲ್ಲು ತಡೆಯುವ ರಬ್ಬರ್ ಹಾಳೆ) ಕ್ಲಾಂಪ್ ಕೂರಿಸಲು ನಾನು ಕಂಡುಕೊಂಡ ಉಪಾಯವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ. ಡ್ಯಾಮ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ ಎಂದಷ್ಟೇ ಹೇಳಬಲ್ಲೆ.

ಸುಣ್ಣ ಅಂಚನ್ನು ಕೊರೆಯುತ್ತದೆಯೇ ಎಂಬ ಕುತೂಹಲಕ್ಕೆ, ಕಿತ್ತ ಹಲ್ಲುಗಳಿಗೆ ಬೇರೆ ಬೇರೆ ಸಿಮೆಂಟಿನಿಂದ ಸೆರಾಮಿಕ್ ಚೂರು ಅಂಟಿಸಿ, ಕವಳದ ಸುಣ್ಣವನ್ನೇ ಕಲಸಿದ ನೀರಿನಲ್ಲಿ ಮಳೆಗಾಲವಿಡೀ ಇಟ್ಟಿದ್ದೆ. ಒಂದೂ ಬಿಡಲಿಲ್ಲ. ಮತ್ತೊಂದು ಡಬ್ಬಿಗೆ ಅಡಿಕೆ ಚೊಗರನ್ನೂ ಸೇರಿಸಿದ್ದರಿಂದ ಅಲ್ಲಿನ ಅಂಚುಗಳು ಕೆಂಪಾದವು, ಗ್ಲಾಸ್ ಅಯಾನೊಮರ್ ಸಿಮೆಂಟ್ ಹಚ್ಚಿದವು ಇತರವುಗಳಿಗಿಂತ ಗಾಢವಾಗಿ. ಜಗಿಯುವ ಭಾರವಿಲ್ಲದ ಡಬ್ಬಿಯ ಪ್ರಯೋಗಕ್ಕೆ ಬೆಲೆ ಅಷ್ಟೇ, ಆದರೂ ಬಣ್ಣದ ಬಗ್ಗೆ ರೋಗಿಗಳಿಗೆ ಮೊದಲೇ ಹೇಳಲು ಅದು ಉಪಯೋಗಕ್ಕೆ ಬಂತು.

ಹಣದ ವಿಷಯಕ್ಕೆ ಬಂದರೆ, ನೆನಪಿನಿಂದ ಹೇಳುವುದಾದರೆ ಲ್ಯಾಬಿಗೆ ಎರಡೂವರೆಯಿಂದ ಮೂರು ಸಾವಿರ, ಸಿಮೆಂಟು, ಆಸಿಡ್, ಸೈಲೇನ್ ಸೇರಿ ಹಲ್ಲೊಂದಕ್ಕೆ ಐದಾರು ನೂರು, ಬಸ್ಸಿನ ಪಾರ್ಸೆಲ್ ಖರ್ಚು ಬೇರೆ. ರೋಗಿಯಿಂದ ಏಳೂವರೆ ಸಾವಿರ ಪಡೆಯುತ್ತೇನೆ. ಪೋಸ್ಟ್, ಕೋರ್, ಕ್ಯಾಪ್ ಎಂದು ಮೂರು ಲೆಕ್ಕ ಹೇಳುವ ಬದಲು ಒಂದೇ ಲೆಕ್ಕ ಹೇಳಿದರೆ ಚೌಕಾಸಿ ಕಡಿಮೆ. ಸೈಲೇನ್ ಅವಧಿ ಮೀರಿದ ಮೇಲೆ ಉಳಿತಾಯಕ್ಕೆಂದು ಬಳಸುವವರು ಒಂದು ಮರಳಿ ಬಂದ ಕ್ಯಾಪಿನ ಖರ್ಚನ್ನು ಅದರ ಪಕ್ಕದಲ್ಲಿಟ್ಟು ನೋಡಲಿ.

ಅಂಚು ಕಣ್ಣಿಗೆ ಕಾಣುವುದರಿಂದ ಆರೈಕೆ ಹೇಳಿಕೊಡುವುದು ಸುಲಭ. ರೋಗಿಯ ಕೈಗೆ ಕನ್ನಡಿ ಕೊಟ್ಟು, ಹಲ್ಲೂ ಕ್ಯಾಪೂ ಸೇರುವ ಗೆರೆಯನ್ನು ತೋರಿಸಿ, ಫ್ಲೋರೈಡ್ ಪೇಸ್ಟಿನಿಂದ ಅಲ್ಲಿಯೇ ಬ್ರಷ್ ಆಡಿಸಲು ಹೇಳುತ್ತೇನೆ. ಫ್ಲಾಸ್ ನಮ್ಮವರಿಗೆ ಒಗ್ಗಲಿಲ್ಲ, ಸಂದಿಯ ಬ್ರಷ್ ಒಗ್ಗಿದೆ. ಮೊದಲ ದಿನ ಆ ಬದಿಯಲ್ಲಿ ಜಗಿಯಬಾರದು, ಆರು ತಿಂಗಳಿಗೊಮ್ಮೆ ಬರಬೇಕು. ಕಚ್ಚುವಾಗ ಎತ್ತರ ತಾಗಿದರೆ ಕಾಯದೆ ಮರುದಿನವೇ ಬರಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ತಂಬಾಕಿಲ್ಲದಿದ್ದರೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವುದನ್ನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ತೋಟವೇ ಅಡಿಕೆಯದ್ದಾದವರು ನಗುತ್ತಾರೆ, ಆದರೂ ಬಾಯಿ ಬಿಗಿದವರಲ್ಲಿ ಕೆಲವರು ಬಿಟ್ಟಿದ್ದಾರೆ. ಕ್ಯಾಪಿನ ನೆಪದಲ್ಲಿ ಬಂದಾಗಲೆಲ್ಲ ಕೆನ್ನೆ, ನಾಲಿಗೆಯ ಬದಿಗಳನ್ನು ನೋಡದೆ ಕಳಿಸುವುದಿಲ್ಲ.

ಪ್ರಿಮೋಲಾರ್‌ಗಳಲ್ಲಿ (ಕೋರೆಹಲ್ಲಿನ ಹಿಂದಿನ ಎರಡು ಚಿಕ್ಕ ಹಲ್ಲುಗಳಲ್ಲಿ) ಮಾತ್ರ ಇದನ್ನು ನಿಲ್ಲಿಸಿದ್ದೇನೆ. ಅವುಗಳ ಚೇಂಬರ್ ಇಕ್ಕಟ್ಟು, ಅಂಟಲು ಸಿಗುವ ಜಾಗ ಕಡಿಮೆ, ಅಡ್ಡ ಬೀಳುವ ಭಾರ ಹೆಚ್ಚು. ನಾನು ಮಾಡಿದವುಗಳಲ್ಲಿ ಅರ್ಧದಷ್ಟು ಕಳಚಿದವು. ಅಲ್ಲಿ ಈಗಲೂ ಫೈಬರ್ ಪೋಸ್ಟೇ. ರಾತ್ರಿ ಹಲ್ಲು ಕಡಿಯುವವರ, ಎದುರು ಹಲ್ಲಿಗೆ ಎರಡು ಮಿಲಿಮೀಟರ್ ಜಾಗವೂ ಸಿಗದ ಏಳನೆಯ ಹಲ್ಲಿಗೆ ಲೋಹದ ಕ್ಯಾಪನ್ನೇ ಹೇಳುತ್ತೇನೆ, ಒಪ್ಪದಿದ್ದರೆ ಬೇರೆಡೆಗೆ ಕಳಿಸುತ್ತೇನೆ.