ಎದೆ ಸುಮ್ಮನಿದ್ದ ದಿನವೂ ಮಾತ್ರೆ

ಮುಂಬೈ ಹತ್ತಿರದ ಡೊಂಬಿವ್ಲಿ ಸ್ಟೇಶನ್ನಿನ ಬ್ರಿಡ್ಜ್ ಹತ್ತುವಾಗ ಎದೆಯೊಳಗೆ ಮೀನು ಒದ್ದಾಡಿದ ಹಾಗಾಯಿತು. ಕಂಬಿ ಹಿಡಿದು ನಿಂತೆ. 7:50ರ ಫಾಸ್ಟ್ ಲೋಕಲ್ ಗಾಡಿ ಹೋಯಿತು, ಅದರ ಹಿಂದೆ ಬಂದದ್ದೂ ಹೋಯಿತು. ಆಗ ನನಗೆ 58. ಅದೇ ದಿನ ಇಸಿಜಿ ತೆಗೆದರು. ಕಾಗದದ ಮೇಲೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ. ಎಟ್ರಿಯಲ್ ಫಿಬ್ರಿಲೇಶನ್ ಅಂದರು.

ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತವೆ. ರಕ್ತ ಮೂಲೆಯಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಆ ಅಪಾಯ ಉಳಿದವರಿಗಿಂತ ಸುಮಾರು 5 ಪಟ್ಟು ಜಾಸ್ತಿ. ನನಗೆ ಬಿಪಿ ಇದೆ, ಸಕ್ಕರೆ ಕಾಯಿಲೆಯೂ ಇದೆ. ಹಾಗಾಗಿ ಎರಡು ಮಾತ್ರೆ ಬರೆದರು. ಬಡಿತದ ವೇಗ ತಗ್ಗಿಸಲು ಮೆಟೊಪ್ರೊಲಾಲ್. ಹೆಪ್ಪುಗಟ್ಟದಿರಲು ಎಪಿಕ್ಸಬಾನ್ 5 ಮಿಲಿಗ್ರಾಂ, ದಿನಕ್ಕೆ ಎರಡು ಸಲ.

ಮೊದಲನೆಯದರ ಗುಣ ಮೈಗೆ ತಿಳಿಯುತ್ತದೆ. ಎರಡನೆಯದು ತೆಗೆದುಕೊಂಡರೂ ಬಿಟ್ಟರೂ ಏನೂ ಗೊತ್ತಾಗುವುದಿಲ್ಲ. 'ಎದೆ ಆರಾಮಾಗಿದೆ, ಇವತ್ತು ಬೇಡ' ಅಂತ ಬಿಡಲು ಮನಸ್ಸಾಗುವುದೂ ಅದನ್ನೇ. ಡಾಕ್ಟರ್ ಈ ಮಾತ್ರೆ ಕೊಟ್ಟವರಿಗೆಲ್ಲ ನಾನು ಹೇಳುವುದು ಇದೊಂದೇ: ಎದೆ ಸುಮ್ಮನಿದ್ದ ದಿನವೂ ಅದು ಹೊಟ್ಟೆಗೆ ಹೋಗಲೇಬೇಕು.

ಬೆಳಿಗ್ಗೆ ಎದ್ದು ಐದು ನಿಮಿಷ ಕೂತು ನಾಡಿ ಹಿಡಿಯುತ್ತೇನೆ. ಹೆಬ್ಬೆರಳಿನ ಬುಡದ ಹತ್ತಿರ, ಮಣಿಕಟ್ಟಿನ ಮೇಲೆ, ಎರಡು ಬೆರಳು. ಕೆಲವು ದಿನ ಗಡಿಯಾರದ ಹಾಗೆ ಒಂದೇ ಸಮ. ಕೆಲವು ದಿನ ಎರಡು ಬಡಿತ ಒಂದರ ಮೇಲೊಂದು ಬೀಳುತ್ತವೆ, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಒಂದು ಜೋರು. ಅಂಥ ದಿನ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಬಿಪಿ ಮಶೀನೂ ಹಾಗೇ, ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಮೂರು ಸಲ ನೋಡಿ ಸರಾಸರಿ ಬರೆದಿಡುತ್ತೇನೆ. ಹಾಲಿನ ಲೆಕ್ಕದ ಡೈರಿಯಲ್ಲೇ ಅದಕ್ಕೂ ಜಾಗ.

ಪಕ್ಕದ ಮನೆಯ ಅಕ್ಕನಿಗೆ ಹೃದಯದ ವಾಲ್ವ್ ತೊಂದರೆ. ಹೆಪ್ಪು ತಡೆಯಲು ಅವರದು ಬೇರೆ ಮಾತ್ರೆ, ವಾರ್ಫರಿನ್. ಆಗಾಗ ಐಎನ್ಆರ್ ರಕ್ತಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವುದು). ಸೊಪ್ಪಿನಿಂದ ಆ ಮಾತ್ರೆಯ ಗುಣ ಏರುಪೇರಾಗುತ್ತದೆ, ಹಾಗಾಗಿ ಅದು ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗಬಾರದು. ಅದನ್ನು ಕೇಳಿ ನನ್ನ ಹೆಂಡತಿ ಮನೆಯಲ್ಲಿ ಬಸಳೆ ಮಾಡುವುದನ್ನೇ ನಿಲ್ಲಿಸಿಬಿಟ್ಟಳು! ಕುಂದಾಪುರದವರಿಗೆ ಬಸಳೆ ಇಲ್ಲದ ಊಟ ಎಂಥದ್ದು? ಡಾಕ್ಟರನ್ನು ಕೇಳಿದೆವು. ಎಪಿಕ್ಸಬಾನ್‌ಗೆ ಆ ಪಥ್ಯ ಇಲ್ಲ. ಒಬ್ಬರ ಮಾತ್ರೆಯ ನಿಯಮ ಇನ್ನೊಬ್ಬರಿಗೆ ಹಚ್ಚಬಾರದು.

ನೋವಿನ ಮಾತ್ರೆಯ ಪಾಠ ನಾನೇ ಕಲಿತೆ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್ ತಂದು ನಾಲ್ಕು ದಿನ ನುಂಗಿದೆ. ಹಲ್ಲುಜ್ಜುವಾಗ ವಸಡಿನ ರಕ್ತ ನಿಲ್ಲಲೇ ಇಲ್ಲ, ತೊಡೆಯಲ್ಲಿ ಅಂಗೈಯಗಲ ನೀಲಿ ಕಲೆ. ಹೆಪ್ಪು ತಡೆಯುವ ಮಾತ್ರೆಯ ಜೊತೆ ಅದು ಸೇರಿದರೆ ರಕ್ತಸ್ರಾವದ ಭಯ ಜಾಸ್ತಿ. ಈಗ ನೋವಿದ್ದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ಮಾತ್ರ.

ಮಳೆಗಾಲದಲ್ಲಿ ಒಂದು ಸಂಜೆ ಕುರ್ಲಾದಲ್ಲಿ ಹಳಿಗೆ ನೀರು ತುಂಬಿ ಗಾಡಿ ನಿಂತಿತು. ಸಂಜೆ 7ರ ಮಾತ್ರೆ ಮನೆಯ ಡಬ್ಬಿಯಲ್ಲಿ. ಮನೆ ಮುಟ್ಟಿದಾಗ ರಾತ್ರಿ 11:30. ಆಗಲೇ ನುಂಗಿದೆ. ನೆನಪಾದ ಕೂಡಲೇ ಒಂದು ತೆಗೆದುಕೊಳ್ಳಬೇಕು, ಮುಂದಿನ ಹೊತ್ತಿಗೆ ಎರಡು ಸೇರಿಸಬಾರದು ಅಂತ ಮೊದಲೇ ಹೇಳಿದ್ದರು. ಆದರೂ ಆ ನಾಲ್ಕೂವರೆ ಗಂಟೆ ಗಾಡಿಯ ಬಾಗಿಲಲ್ಲಿ ನಿಂತು ನಾನು ಪಟ್ಟ ಆತಂಕ ನನಗೇ ಗೊತ್ತು.

ಮರುದಿನದಿಂದ ಟಿಫಿನ್ ಚೀಲದಲ್ಲಿ ಒಂದು ಸ್ಟ್ರಿಪ್ ಇದೆ. ಜೊತೆಗೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿ: ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಹೆಂಡತಿಯ ನಂಬರು. ಮೊಬೈಲಿನ ಅಲಾರಂ ಸಾಮಾನ್ಯವಾಗಿ ಮುಲುಂಡ್ ಹತ್ತಿರ ಬಾರಿಸುತ್ತದೆ. ದಿನಾ ಜೊತೆಗೆ ಬರುವ ಸಾತಾರಾದ ಗೆಳೆಯ ಈಗ ಏನೂ ಕೇಳುವುದಿಲ್ಲ, ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕಡೆ ಹಿಡಿಯುತ್ತಾನೆ.